ಚೆನ್ನಾಗಿರುವ ಮಗುವನ್ನು ಮತ್ತೆ ಮತ್ತೆ ಕರೆಸುವುದು

ಹೆಪಟೈಟಿಸ್ ಬಿ (ಲಿವರ್‌ಗೆ ತಗುಲುವ ಒಂದು ವೈರಸ್) ಪಾಸಿಟಿವ್ ಅಂತ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗಿರುವುದಿಲ್ಲ. ಹಸಿವು ಚೆನ್ನಾಗಿದೆ, ಕಣ್ಣು ಹಳದಿ ಇಲ್ಲ, ಕುರ್ಚಿ ಮೇಲೆ ಎರಡು ನಿಮಿಷ ಕೂರುವುದಿಲ್ಲ. ಕಾಯಿಲೆ ಬಿದ್ದವರ ಹಾಗೆ ಕಾಣುವುದು ಅಪ್ಪ ಅಮ್ಮಂದಿರೇ.

ವೈರಸ್ ಆರು ತಿಂಗಳಾದರೂ ಹೋಗದಿದ್ದರೆ ಅದು ಮನೆ ಮಾಡಿದೆ ಅಂತ ಲೆಕ್ಕ. ಹೆರಿಗೆ ಹೊತ್ತಲ್ಲಿ ತಾಯಿಯಿಂದ ಬಂದಿದ್ದರೆ ಸುಮಾರು 90% ಮಕ್ಕಳಲ್ಲಿ ಹೀಗೆ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಉಳಿಯುವುದು 5%ಗಿಂತ ಕಡಿಮೆ ಜನರಲ್ಲಿ. ಕೂಸಿನ ಮೈ ಅದರ ಜೊತೆ ಜಗಳಕ್ಕೇ ಇಳಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ರಿಪೋರ್ಟ್‌ನಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಲೆಕ್ಕ, ಕೋಟಿಗಟ್ಟಲೆ ಇರುತ್ತದೆ. ಸೊನ್ನೆ ಎಣಿಸುತ್ತಾ ಅಪ್ಪ ಬೆವರುತ್ತಾರೆ. ನಾನು ಪೆನ್ನಲ್ಲಿ ಅದನ್ನು ಬಿಟ್ಟು, ಕೆಳಗಿನ ಎಎಲ್‌ಟಿಗೆ, ಅಂದರೆ ಲಿವರ್ ಕೋಶಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಕ್ಕೆ, ಸುತ್ತು ಹಾಕುತ್ತೇನೆ. ಲಿವರ್ ಹಾಳಾಗುವುದು ಬಹುಪಾಲು ವೈರಸ್‌ನಿಂದಲ್ಲ, ಅದನ್ನು ಓಡಿಸಲು ಮೈ ಶುರುಮಾಡುವ ಜಗಳದಿಂದ. ಜಗಳ ಶುರುವಾದರೆ ಮೊದಲು ಏರುವುದು ಈ ಎಎಲ್‌ಟಿ.

"ಹಾಗಾದ್ರೆ ಮಾತ್ರೆ ಕೊಡಲ್ವಾ ಡಾಕ್ಟ್ರೇ?" ಈ ಪ್ರಶ್ನೆಗೇ ಜಾಸ್ತಿ ಸಮಯ ಹೋಗುತ್ತದೆ. ಎಂಟೆಕಾವಿರ್, ಟೆನೊಫೊವಿರ್ ವೈರಸ್ಸನ್ನು ಅದುಮಿಡುತ್ತವೆ. ಆದರೆ ಲಿವರ್ ಕೋಶದ ಒಳಗೆ ಅವಿತಿರುವ ಅದರ ಡಿಎನ್‌ಎಯನ್ನು ಕಿತ್ತು ಹಾಕಲಾರವು. ಶುರುಮಾಡಿದರೆ ವರ್ಷಗಟ್ಟಲೆ ನುಂಗಬೇಕು. ಎಎಲ್‌ಟಿ ಸುಮ್ನೆ ಮಲಗಿರುವಾಗ ಪುಟ್ಟ ಮಗುವಿಗೆ ಅದರಿಂದ ಸಿಗುವ ಲಾಭ ಕಡಿಮೆ. ಹನ್ನೆರಡು ದಾಟಿದವರ ವಿಷಯ ಬೇರೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೂ ದೊಡ್ಡವರಿಗೂ ಚಿಕಿತ್ಸೆಯ ನಿಯಮ ಸಡಿಲ ಮಾಡಿತು. ಹಾಗಾಗಿ ಆ ವಯಸ್ಸಿನವರ ಹಳೇ ಫೈಲುಗಳನ್ನು ಮತ್ತೆ ತೆಗೆದು ನೋಡಿದೆ.

ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತಪರೀಕ್ಷೆ, ಆಗಾಗ ಸ್ಕ್ಯಾನ್. ಮಗು ಚೆನ್ನಾಗಿದೆಯಲ್ಲ ಅಂತ ಬರುವುದನ್ನೇ ಬಿಡುವವರು ಎಷ್ಟೋ ಜನ. ನನಗೆ ವೈರಸ್‌ಗಿಂತ ಇದೇ ಹೆದರಿಕೆ. ಲಿವರ್ ಗಟ್ಟಿಯಾಗುವುದು, ಮುಂದೆ ಕ್ಯಾನ್ಸರ್ ಆಗುವುದು, ಎರಡೂ ಶುರುವಿನಲ್ಲಿ ಸದ್ದು ಮಾಡುವುದಿಲ್ಲ.

ತಾಯಿಯನ್ನು ಮಾತ್ರ ಬೇರೆಯಾಗಿ ಕೂರಿಸಿ ಮಾತಾಡುತ್ತೇನೆ. ಎಷ್ಟೋ ಸಲ ಅವರಿಗೂ ಸೋಂಕಿರುವುದು ಗೊತ್ತಾಗುವುದು ಆಗಲೇ. ಯಾರ ತಪ್ಪೂ ಅಲ್ಲ ಅಂತ ಮನೆಯವರ ಎದುರೂ ಹೇಳುತ್ತೇನೆ. ಅವರಿಗೂ ಪರೀಕ್ಷೆ, ಅಣ್ಣತಂಗಿಯರಿಗೆ ಪರೀಕ್ಷೆ ಮತ್ತು ಲಸಿಕೆ. ಮುಂದಿನ ಮಗು ಹುಟ್ಟಿದರೆ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು).

ತಟ್ಟೆ ಬೇರೆ ಇಡಬೇಕಾ ಅಂತ ಕೇಳದವರಿಲ್ಲ. ಬೇಡ. ಮುದ್ದಾಡಿ, ಒಟ್ಟಿಗೆ ಊಟ ಮಾಡಿ, ಶಾಲೆಗೆ ಕಳಿಸಿ. ರಕ್ತ ತಾಗಬಹುದಾದ ಟೂತ್‌ಬ್ರಷ್ ಮಾತ್ರ ಬೇರೆ ಇರಲಿ, ಗಾಯವಾದರೆ ಪಟ್ಟಿ ಹಾಕಿ.