ಸ್ನೇರ್ ಡ್ರಮ್ಮಿನ ಸೌಂಡು ತೆಳ್ಳಗಾಗ್ತಿದ್ದಿದ್ದು ಕೊನೆಗೂ ಸರಿಹೋಯ್ತು

ನಮ್ಮ ಬ್ಯಾಂಡಿನ ನಾಲ್ಕು ಹಾಡು ಮನೇಲೇ ರೆಕಾರ್ಡ್ ಮಾಡಿದ್ವಿ, ನಾಲ್ಕು ಇನ್‌ಪುಟ್ಟಿನ ಇಂಟರ್‌ಫೇಸು (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಡಬ್ಬ), ಡ್ರಮ್ಸಿಗೆ ನಾಲ್ಕೇ ಮೈಕು, ಕಿಕ್ಕಿಗೊಂದು (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮು), ಸ್ನೇರಿಗೆ (ಕೋಲಲ್ಲಿ ಬಾರಿಸೋ ಚಿಕ್ಕ ಡ್ರಮ್ಮು) ಶೂರ್ ಎಸ್‌ಎಂ57, ಇಡೀ ಸೆಟ್ಟಿನ ಸದ್ದು ಹಿಡಿಯೋಕೆ ಮೇಲೆ ಎರಡು ಓವರ್‌ಹೆಡ್ಡು. ಸ್ನೇರ್ ಮೈಕ್ ಒಂದನ್ನೇ ಕೇಳಿದ್ರೆ ದಪ್ಪಗೆ ಚೆನ್ನಾಗಿತ್ತು, ಓವರ್‌ಹೆಡ್ ಫೇಡರ್ ಏರಿಸಿದ ತಕ್ಷಣ ತಗಡಿನ ಡಬ್ಬ ಬಡಿದ ಹಾಗೆ. ದಪ್ಪ ಬರ್ಲಿ ಅಂತ ಎರಡು ವಾರ ಇಕ್ಯೂನಲ್ಲಿ (ಸದ್ದಿನ ಬೇರೆ ಬೇರೆ ಫ್ರೀಕ್ವೆನ್ಸಿನ ಏರಿಸಿ ಇಳಿಸೋ ಟೂಲು) 200 ಹರ್ಟ್ಜ್ ಎತ್ತಿ ಎತ್ತಿ ಸಾಕಾಯ್ತು, ಏನ್ ಮಾಡಿದ್ರೂ ಬರ್ತಿಲ್ಲ.

ವೇವ್‌ಫಾರ್ಮ್ ಝೂಮ್ ಮಾಡಿ ನೋಡ್ದಾಗ ಗೊತ್ತಾಯ್ತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅಂದ್ರೆ 200 ಹರ್ಟ್ಜ್ ಅಲೆಯ ಉದ್ದ ಹತ್ತಿರ ಹತ್ತಿರ 1.7 ಮೀಟರ್, ಅದರರ್ಧ 85 ಸೆಂಟಿಮೀಟರ್. ನಮ್ಮ ಓವರ್‌ಹೆಡ್ಡು ಸ್ನೇರಿಂದ ಹೆಚ್ಚುಕಮ್ಮಿ ಅಷ್ಟೇ ದೂರ! ಒಂದು ಮೈಕಲ್ಲಿ ಅಲೆ ಮೇಲೇಳೋ ಹೊತ್ತಿಗೆ ಇನ್ನೊಂದ್ರಲ್ಲಿ ಕೆಳಗಿಳೀತಿತ್ತು, ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕ್ತಿದ್ವು. ಸ್ನೇರ್ ಟ್ರ್ಯಾಕಲ್ಲಿ ಅಲೆನ ತಲೆಕೆಳಗು ಮಾಡೋ ಪೊಲಾರಿಟಿ ಬಟನ್ ಒತ್ತಿದೆ, ಧಪ್ ಅಂತ ಬಂತು ನೋಡಿ, ಎಷ್ಟು ಖುಷಿ ಆಯ್ತು ಅಂದ್ರೆ ಹಾಕಿದ್ದ ಇಕ್ಯೂ ಎಲ್ಲಾ ಕಿತ್ತಾಕಿದೆ. ಕಿಕ್ಕಿಗೂ ಎರಡೂ ರೀತಿ ಒತ್ತಿ ಕೇಳಿ, ದಪ್ಪ ಬಂದಿದ್ದನ್ನೇ ಇಟ್ಕೊಂಡೆ.

ಆದ್ರೂ ಮೋನೋದಲ್ಲಿ, ಅಂದ್ರೆ ಎಡ ಬಲ ಎರಡೂ ಒಂದಕ್ಕೇ ಸೇರಿಸಿ ಕೇಳಿದ್ರೆ ಸ್ನೇರ್ ಸ್ವಲ್ಪ ಟೊಳ್ಳು, ಯಾಕಂದ್ರೆ ಎರಡು ಓವರ್‌ಹೆಡ್ಡು ಸ್ನೇರಿಂದ ಬೇರೆ ಬೇರೆ ದೂರದಲ್ಲಿದ್ವು. ಇದನ್ನ ಮಿಕ್ಸಲ್ಲಿ ಒದ್ದಾಡೋದಕ್ಕಿಂತ ಮತ್ತೆ ರೆಕಾರ್ಡ್ ಮಾಡೋದೇ ವಾಸಿ ಅನ್ನಿಸ್ತು. ಒಂದು ದಾರ ತಗೊಂಡು ಸ್ನೇರಿನ ನಡುಮಧ್ಯಕ್ಕೆ ಟೇಪಲ್ಲಿ ಅಂಟಿಸಿ, ಎಡಗಡೆ ಮೈಕಿನ ತುದಿವರೆಗೂ ಎಳೆದು ಅಲ್ಲಿ ಗಂಟು ಹಾಕಿದ್ವಿ, ಆಮೇಲೆ ಅದೇ ಗಂಟು ಬಲಗಡೆ ಮೈಕಿಗೂ ಮುಟ್ಟೋ ಹಾಗೆ ಸ್ಟ್ಯಾಂಡ್ ಸರಿಸಿದ್ವಿ. ಈಗ ಫೋನಲ್ಲಿ ಕೇಳಿದ್ರೂ ಸ್ನೇರ್ ಗಟ್ಟಿಯಾಗಿ ನಡುವೆ ನಿಂತಿದೆ.