ನನಗಿಂತ ಎಂಟು ವರ್ಷ ಚಿಕ್ಕ ಮಾವ

ಉಡುಪಿ ಹತ್ತಿರದ ನಮ್ಮ ಕುಟುಂಬದ ಮನೆಯಲ್ಲಿ ನೇಮ, ಅಂದರೆ ದೈವದ ಆರಾಧನೆ. ನನಗಿಂತ ಎಂಟು ವರ್ಷ ಚಿಕ್ಕವನೊಬ್ಬನನ್ನು ‘ತಮ್ಮಾ’ ಎಂದು ಕರೆದೆ. ದೊಡ್ಡಮ್ಮ ನಕ್ಕುಬಿಟ್ಟರು. “ಅವ ನಿಂಗೆ ಮಾವ ಆಗ್ಬೇಕು ಮಾರಾಯ!” ಹೇಗೆ ಅಂದರೆ ಅವರಿಗೂ ಬಿಡಿಸಿ ಹೇಳಲು ಬರಲಿಲ್ಲ.

ಮನೆಗೆ ಬಂದು ಅಪ್ಪ, ಅಜ್ಜ ಎಂದು ಬರೆಯುತ್ತ ಹೋದೆ. ಎಲ್ಲೂ ಕೂಡಲಿಲ್ಲ. ಕೂಡುವುದಾದರೂ ಹೇಗೆ? ನಾವು ಬಂಟರು, ಬಳಿ (ವಂಶದ ಗುರುತು) ಬರುವುದು ತಾಯಿಯಿಂದ. 1956ರ ಉತ್ತರಾಧಿಕಾರ ಕಾಯ್ದೆ ಬಂದು ಅಳಿಯಕಟ್ಟಿನ, ಅಂದರೆ ಹೆಣ್ಣುಕಡೆಯಿಂದ ಇಳಿಯುವ ಆಸ್ತಿಯ ದಾರಿ ಬದಲಾಯಿತು, ಬಳಿ ಬದಲಾಗಲಿಲ್ಲ.

ಹಳೇ ಮದುವೆ ಕಾಗದದ ಹಿಂಬದಿಯಲ್ಲಿ ಈ ಸಲ ಹೆಂಗಸರ ಹೆಸರು ಮಾತ್ರ ಬರೆದೆ. ನಾನು, ಅಮ್ಮ, ಅಜ್ಜಿ, ಮುತ್ತಜ್ಜಿ, ಆಕೆಯ ತಾಯಿ ಕಮಲಕ್ಕ: ನಾಲ್ಕು ಮೆಟ್ಟಿಲು. ಅವನ ತಾಯಿಯ ಹೆಸರೂ ಕಮಲಕ್ಕ, ಹಾಗಾಗಿ ಅವನ ಕಡೆಯಿಂದ ಅದೇ ಹೆಂಗಸಿಗೆ ಒಂದೇ ಮೆಟ್ಟಿಲು ಬಂತು. ಹಾಗಾದರೆ ಅವನು ನನಗೆ ಮುತ್ತಜ್ಜನಾಗಬೇಕು! ನೋಡಿದರೆ ಕಮಲಕ್ಕ ಇಬ್ಬರು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದರು, ನಾನು ಇಬ್ಬರನ್ನೂ ಒಬ್ಬಳೇ ಅಂದುಕೊಂಡು ಎರಡು ತಲೆಮಾರು ನುಂಗಿದ್ದೆ. ಹೆಸರಿನ ಪಕ್ಕ ಮದುವೆಯಾಗಿ ಹೋದ ಮನೆಯನ್ನೂ ಬರೆದ ಮೇಲೆ ಇಬ್ಬರೂ ಬೇರೆಯಾದರು. ಮೊಮ್ಮಗಳು ಕಮಲಕ್ಕ ಅವನ ತಾಯಿ. ಅಜ್ಜಿ ಕಮಲಕ್ಕನೇ ಆ ಮೂಲದ ಹೆಂಗಸು. ನಡುವೆ ಅವನ ಅಜ್ಜಿ. ಒಟ್ಟು ಮೂರು ಮೆಟ್ಟಿಲು, ನನ್ನ ಅಮ್ಮನಷ್ಟೇ. ಅಕ್ಕತಂಗಿಯರ ಹೆಣ್ಣುಕಡೆಯ ಸಂತತಿ ಒಂದೇ ಮೆಟ್ಟಿಲಲ್ಲಿ ನಿಂತರೆ ಒಡಹುಟ್ಟಿದವರ ಲೆಕ್ಕ. ಅಮ್ಮನಿಗೆ ತಮ್ಮ, ನನಗೆ ಮಾವ.

ಅವನಿಗೆ ಫೋನ್ ಮಾಡಿ ತಿಳಿಸಿದೆ. “ಹಾಗಾದ್ರೆ ಅಳಿಯಾ, ಮುಂದಿನ ನೇಮಕ್ಕೆ ಕುರ್ಚಿ ಹಾಕುವ ಕೆಲಸ ನಿಂದೇ,” ಅಂದ.