ನಾಲೆಗೆ ನೀರು ಬಂದಿಲ್ಲವೆಂದು ಪತ್ರಿಕೆಗೆ ತಿಳಿಸುವುದು ಹೇಗೆ?

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟ ಕೆಲವೇ ದಿನಗಳಲ್ಲಿ ಮಾನ್ವಿ, ಸಿರವಾರ ಕಡೆಯ ಕೆಳಭಾಗದ ರೈತರಿಂದ ನಮ್ಮ ರಾಯಚೂರು ಕಚೇರಿಗೆ ಚಿತ್ರಗಳು ಬರತೊಡಗುತ್ತವೆ. ಒಣಗಿದ ಕಾಲುವೆ, ಅದರ ಕೆಳಗೆ ‘ಅಧಿಕಾರಿಗಳ ನಿರ್ಲಕ್ಷ್ಯ’ ಎಂಬ ಒಂದು ಸಾಲು, ಅಷ್ಟೆ. ಯಾವ ಉಪಕಾಲುವೆ, ಯಾವ ದಿನ ಎಂಬುದು ತಿಳಿಯದ ಕಾರಣ ಹೆಚ್ಚಿನವು ಅಚ್ಚಾಗುವುದೇ ಇಲ್ಲ. ರೈತರ ಮಾತಿನಲ್ಲಿ ನಂಬಿಕೆಯಿಲ್ಲವೆಂದಲ್ಲ. ‘ಇದು ಹೋದ ಬೇಸಿಗೆಯ ಚಿತ್ರ’ ಎಂದು ಇಲಾಖೆಯವರು ಹೇಳಿಬಿಟ್ಟರೆ ವರದಿಗಾರನ ಬಳಿ ಉತ್ತರವಿರುವುದಿಲ್ಲ.

ಮೊದಲು ಹೆಸರು, ಊರು, ಫೋನ್ ಸಂಖ್ಯೆ ಬರೆಯಿರಿ. ಹೆಸರು ಪ್ರಕಟವಾಗಬಾರದೆಂದಿದ್ದರೆ ವಿವರ ಕೊಡುವ ಮುನ್ನವೇ ಹೇಳಿ ಒಪ್ಪಿಗೆ ಪಡೆಯಿರಿ.

ಎರಡನೆಯದು ಚಿತ್ರ, ಎಲ್ಲರೂ ಎಡವುವುದು ಇಲ್ಲಿಯೇ. ಮೊದಲ ಚಿತ್ರವನ್ನು ದೂರದಿಂದ, ಸೇತುವೆಯೋ ಉಪಕಾಲುವೆಯ ಸಂಖ್ಯೆಯ ಕಲ್ಲೋ ಕಾಣುವಂತೆ ತೆಗೆಯಿರಿ. ಬಳಿಕ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ (ಗೇಜ್) ಇದ್ದರೆ ಅದರ ಅಂಕಿಗಳು ಓದಲು ಬರುವಷ್ಟು ಹತ್ತಿರ ಹೋಗಿ. ಸರದಿಯಂತೆ ನೀರು ಬಿಡುವಾಗ ನಿಮ್ಮ ಕಾಲುವೆ ಒಂದು ದಿನ ಒಣಗಿರುವುದು ಸಹಜವಾದ್ದರಿಂದ, ಅದೇ ಜಾಗದಲ್ಲಿ ನಿಂತು ನಿಮ್ಮ ಸರದಿಯ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತೆಗೆಯಲೇಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಕಡತದೊಳಗೆ ದಾಖಲಾಗಿದ್ದ ದಿನ, ಸ್ಥಳದ ವಿವರ ಅಳಿಸಿಹೋಗುತ್ತದೆ. ಆದ್ದರಿಂದ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಕೆಂಪು ವೃತ್ತ, ಬಾಣದ ಗುರುತು, ಹಿನ್ನೆಲೆ ಸಂಗೀತ ಯಾವುದೂ ಬೇಡ. ಚಿತ್ರದ ಮೇಲೆ ದಿನಾಂಕ ಮೂಡಿಸುವ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ, ಫೋನಿನ ದಿನಾಂಕ ಬದಲಿಸಿದರೆ ಹಲವು ಆ್ಯಪ್‌ಗಳು ಅದನ್ನೇ ಮೂಡಿಸುತ್ತವೆ. ಇನ್ನು, ಒಂದೇ ಚಿತ್ರ ಐದು ಗುಂಪುಗಳಿಂದ ಬಂದ ಮಾತ್ರಕ್ಕೆ ಐದು ಸಾಕ್ಷಿಗಳಾಗುವುದಿಲ್ಲ.

ಮೂರನೆಯದಾಗಿ, ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಿಂದ ನದಿಗೆ ನೀರು ಬಿಡುವ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಅದು 33 ಗೇಟುಗಳಲ್ಲಿ ಒಂದು. ಇದನ್ನೇ ‘ಡ್ಯಾಂ ಒಡೆಯಿತಂತೆ’ ಎಂದು ಬರೆದರೆ ನದಿಪಾತ್ರದ ಊರುಗಳವರು ಆ ಹೊತ್ತಿನಲ್ಲೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ‘ಮೇಲ್ಭಾಗದವರು ಪಂಪ್‌ಸೆಟ್ ಇಟ್ಟಿದ್ದಾರೆ’ ಎಂಬುದು ಕೇಳಿದ ಮಾತಾಗಿದ್ದರೆ, ಹೇಳಿದವರು ಯಾರು, ಅವರು ಕಣ್ಣಾರೆ ಕಂಡರೇ ಎಂಬುದನ್ನೂ ಸೇರಿಸಿ. ಎಂಜಿನಿಯರರ ಬಳಿ ಹೋಗಿ ಜಗಳವಾಡಬೇಡಿ, ಅವರ ಹೇಳಿಕೆ ಪಡೆಯುವುದು ವರದಿಗಾರನ ಕೆಲಸ.

ದಾಖಲೆ ಬೇಕೆನಿಸಿದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಎಡದಂಡೆ ನಾಲೆಯ 69ನೇ ಮೈಲಿಯಲ್ಲಿರುವ (ಮೈಲ್ 69) ಗೇಜ್‌ನ ದಿನವಹಿ ಅಂಕಿಅಂಶ ಕೇಳಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಬರೆದುಕೊಡಲು ನೂರಾರು ರೂಪಾಯಿ ಕೇಳುವವರ ಬಳಿ ಹೋಗಬೇಡಿ. ಉತ್ತರಕ್ಕೆ 30 ದಿನಗಳ ಅವಧಿಯಿದ್ದು, ಅಷ್ಟರಲ್ಲಿ ಭತ್ತ ಒಣಗಿರುತ್ತದೆಯಾದ್ದರಿಂದ ಮೊದಲ ವರದಿಗೆ ಇದನ್ನು ಕಾಯುತ್ತ ಕೂರಬಾರದು.

ಪ್ರಕಟವಾದ ವರದಿಯಲ್ಲಿ ತಪ್ಪಿದ್ದರೆ ದಿನಾಂಕ, ಪುಟಸಂಖ್ಯೆ ಸಹಿತ ಸಂಪಾದಕರಿಗೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ, ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ಆಗಲೂ ಮೂಲ ಚಿತ್ರಗಳು ಬೇಕಾಗುತ್ತವೆ, ಫೋನ್ ತುಂಬಿತೆಂದು ಅಳಿಸಬೇಡಿ.